ಜಾಗ ಅವರದ್ದೇ, ಆದರೆ ಗಾಡಿ ನಿಮ್ಮದು

ಚೌತಿ ಮುಗಿದ ವಾರ ಒಬ್ಬ ಹೆಣ್ಣುಮಗಳು ನನ್ನ ಕಚೇರಿಗೆ ಬಂದರು. ಕಾರವಾರದಲ್ಲಿ ನರ್ಸ್ ಕೆಲಸ, ಬಾಡಿಗೆ ಮನೆ. ಹಬ್ಬಕ್ಕೆ ಬಸ್ಸಿನಲ್ಲಿ ಅಂಕೋಲೆಯ ತವರಿಗೆ ಹೋಗಿದ್ದರು. ನಾಲ್ಕು ದಿನ ಬಿಟ್ಟು ಬಂದರೆ ಕಂಪೌಂಡಿನೊಳಗಿದ್ದ ಕಾರು ಇಲ್ಲ! ಮಾಲೀಕರು ಕ್ರೇನ್ ತರಿಸಿ, ಎಳೆಸಿ, ಹೆದ್ದಾರಿ ಪಕ್ಕ ಬಿಡಿಸಿದ್ದರು. ಬಂಪರ್ ಒಡೆದಿತ್ತು. ಕೇಳಿದ್ದಕ್ಕೆ, "ಜಾಗ ನಂದು, ಮಗ ಹೊಸ ಕಾರು ತಂದಿದ್ದಾನೆ" ಎಂದರಂತೆ.

ಜಾಗ ಅವರದ್ದೇ, ನಿಜ. ಆದರೆ ಅಲ್ಲಿ ಗಾಡಿ ನಿಲ್ಲಿಸುವ ಹಕ್ಕು ನಿಮಗಿದೆಯೇ ಎನ್ನುವುದು ಒಂದು ಪ್ರಶ್ನೆ. ಹಕ್ಕು ಇಲ್ಲದಿದ್ದರೂ ಮಾಲೀಕರು ಗಾಡಿಗೆ ಕೈ ಹಾಕಬಹುದೇ ಎನ್ನುವುದು ಬೇರೆಯದೇ ಪ್ರಶ್ನೆ. ಜಗಳದ ಬಿಸಿಯಲ್ಲಿ ಎರಡೂ ಕಲಸಿಹೋಗುತ್ತವೆ.

ಮೊದಲು ಕರಾರು ಪತ್ರ ತೆಗೆದು ನೋಡಿ. ಪಾರ್ಕಿಂಗ್ ಸೇರಿದೆ ಎಂದು ಬರೆದಿದ್ದರೆ ಆ ಜಾಗವೂ ಬಾಡಿಗೆಯ ಭಾಗವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಪ್ರಕಾರ, ಬಾಡಿಗೆ ಕಟ್ಟಿ ಷರತ್ತು ಪಾಲಿಸುವವರು ಅದನ್ನು ಅಡ್ಡಿಯಿಲ್ಲದೆ ಬಳಸಬಹುದು. ನಮ್ಮ ಕಡೆ ಹೆಚ್ಚಾಗಿ "ಇಲ್ಲೇ ನಿಲ್ಸಿ ಮಾರಾಯ್ರೆ" ಎಂಬ ಬಾಯಿಮಾತಷ್ಟೇ ಇರುತ್ತದೆ. ಅದು ಬರೀ ಅನುಮತಿಯಾಗಿದ್ದರೆ ಮಾಲೀಕರು ಹಿಂಪಡೆಯಬಹುದು. ಆದರೆ ಅದೇ ವರ್ಷದ ಈಸ್‌ಮೆಂಟ್ಸ್ ಕಾಯ್ದೆಯ (ಬೇರೆಯವರ ಜಾಗ ಬಳಸುವ ಹಕ್ಕಿನ ಕಾನೂನು) 63ನೇ ಕಲಂ ಇದೆ: ಅನುಮತಿ ಹಿಂಪಡೆದ ಮೇಲೆ, ಇಟ್ಟ ವಸ್ತುವನ್ನು ತೆಗೆಯಲು ಸಾಕಷ್ಟು ಸಮಯ ಕೊಡಬೇಕು. ಹೇಳದೆ ಕೇಳದೆ ಎಳೆಸುವುದು ಇದಕ್ಕೆ ಪೂರ್ತಿ ವಿರುದ್ಧ.

ಈ ನರ್ಸ್ ಬಳಿ ಕರಾರಿನಲ್ಲಿ ಏನೂ ಇರಲಿಲ್ಲ. ಆದರೆ ತಿಂಗಳಿಗೆ 500 ರೂಪಾಯಿ ಜಾಸ್ತಿ ಕಳಿಸುತ್ತಿದ್ದರು, ಫೋನಿನಲ್ಲಿ, "ಪಾರ್ಕಿಂಗ್" ಎಂದು ಬರೆದೇ. ಪಾರ್ಕಿಂಗ್ ಬರೀ ಅನುಮತಿಯಲ್ಲ, ಬಾಡಿಗೆಯ ಭಾಗ ಎಂದು ತೋರಿಸಲು ಅಷ್ಟು ಸಾಕಾಯಿತು.

ಇನ್ನು ಟೋಯಿಂಗ್, ಅಂದರೆ ಗಾಡಿ ಎಳೆದೊಯ್ಯುವುದು. 1988ರ ಮೋಟಾರು ವಾಹನ ಕಾಯ್ದೆಯ 127ನೇ ಕಲಂ ಆ ಅಧಿಕಾರ ಕೊಡುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ. ಅದೂ ಸಾರ್ವಜನಿಕ ಜಾಗದಲ್ಲಿ 10 ಗಂಟೆ ಅಥವಾ ಹೆಚ್ಚು ಹೊತ್ತು ಬಿಟ್ಟುಹೋದ ಗಾಡಿಗೆ, ಇಲ್ಲವೇ ನಿಷೇಧವಿದ್ದಲ್ಲಿ ನಿಲ್ಲಿಸಿದ್ದಕ್ಕೆ. ಮಾಲೀಕರಿಗೆ ಈ ಅಧಿಕಾರ ಇಲ್ಲವೇ ಇಲ್ಲ.

ಹೀಗಾದಾಗ ಗಾಡಿ ಮುಟ್ಟುವ ಮೊದಲು ಎಲ್ಲ ಬದಿಯಿಂದ ಫೋಟೋ ತೆಗೆಯಿರಿ. ಎದುರಿನ ಅಂಗಡಿಯಲ್ಲಿ ಸಿಸಿ ಕ್ಯಾಮೆರಾ ಇದ್ದರೆ ಅಂದೇ ಕೇಳಿ. ಆಮೇಲೆ ಬೇಗ ತೆಗೆದುಬಿಡಿ. ರಸ್ತೆಯಲ್ಲೇ ಇದ್ದರೆ ಪೊಲೀಸರು ಎಳೆದೊಯ್ಯಬಹುದು, ಆ ಖರ್ಚು ನಿಮ್ಮ ತಲೆಗೆ. ರಿಪೇರಿಗೆ ಮುಂಚೆ ವಿಮೆಯವರಿಗೂ ತಿಳಿಸಿ.

ಠಾಣೆಯಲ್ಲಿ "ಇದು ಸಿವಿಲ್ ವಿಷಯ" ಎನ್ನುತ್ತಾರೆ. ಅರ್ಧ ಸತ್ಯ. ಕಳ್ಳತನ ಎನ್ನಲು ಅಪ್ರಾಮಾಣಿಕ ಉದ್ದೇಶ ಬೇಕು, ಹಾಗಾಗಿ ಆ ಪದಕ್ಕೇ ಜೋತುಬೀಳಬೇಡಿ. ಆದರೆ ಹಾಳಾಗುತ್ತದೆ ಎಂದು ಗೊತ್ತಿದ್ದೂ ಎಳೆಸಿದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 324ನೇ ಕಲಮಿಗೆ, ಅಂದರೆ ಆಸ್ತಿಗೆ ಹಾನಿ ಮಾಡುವ ಅಪರಾಧಕ್ಕೆ ಬರಬಹುದು. ದೂರು ಬರೆದು ಕೊಡಿ, ಸ್ವೀಕೃತಿ ಪಡೆಯಿರಿ.

ಸಿಟ್ಟಿನಲ್ಲಿ ಬಾಡಿಗೆ ಮಾತ್ರ ನಿಲ್ಲಿಸಬೇಡಿ. 108ನೇ ಕಲಮಿನ ರಕ್ಷಣೆ ಬಾಡಿಗೆ ಕಟ್ಟುವವರಿಗೆ. ಇದೊಂದು ತಪ್ಪಿನಿಂದ ಗೆಲ್ಲುವ ಕೇಸು ಕೈಬಿಟ್ಟಿದ್ದನ್ನು ನೋಡಿ ನನಗೆ ಬಹಳ ಬೇಸರವಾಗಿದೆ.

ಮಾಲೀಕರ ಕಷ್ಟವೂ ಇದೆ. ಬಾವಿಯ ದಾರಿಗೆ ಅಡ್ಡವಾಗಿ ಕೆಟ್ಟ ಬೈಕು ವರ್ಷಗಟ್ಟಲೆ ಬಿದ್ದಿದ್ದರೆ ಯಾರಿಗಾದರೂ ಸಿಟ್ಟು ಬರುತ್ತದೆ, ಅಲ್ವಾ? ಶಿರಸಿಯಲ್ಲಿ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದಾಗ ಅಂಗಳ ಖಾಲಿ ಬೇಕು ಅನ್ನಿಸಬಹುದು. ಕೇಳಲಿ, ಮೊದಲೇ ಬರೆದು ಕೊಡಲಿ. ಒಪ್ಪದಿದ್ದರೆ ಕೋರ್ಟ್ ಇದೆ.

ವಕೀಲರಿಗೆ ಹಣವಿಲ್ಲ ಎಂದು ಸುಮ್ನೆ ಕೂರಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಸಿಗುತ್ತದೆ. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಕರೆ ಮಾಡಿ.

ನರ್ಸ್ ಪರವಾಗಿ ಒಂದು ನೋಟಿಸ್ ಕಳಿಸಿದೆವು, 500 ರೂಪಾಯಿಗಳ ಲೆಕ್ಕ ಲಗತ್ತಿಸಿ. ಬಂಪರ್ ಖರ್ಚು ಬಂತು. ಹೊಸ ಕರಾರಿನಲ್ಲಿ ಒಂದು ಸಾಲು ಸೇರಿತು: ಗೇಟಿನಿಂದ ತೆಂಗಿನ ಮರದವರೆಗಿನ ಜಾಗ ಬಾಡಿಗೆದಾರರ ಕಾರಿಗೆ.