ವೋಟ್ ಹಾಕಿಲ್ಲ ಮೇಡಂ, ಬರೀ ರಿಜಿಸ್ಟರ್ ಆಗಿರೋದು

ಈ ಮಾತು ಕೇಳಿದ್ರೆ ಈಗೀಗ ನಂಗೆ ತಲೆನೋವೇ ಬರುತ್ತೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಚಿಕಾಗೋ ಪಕ್ಕ ನೇಪರ್‌ವಿಲ್ ಕಡೆ ಇಮಿಗ್ರೇಷನ್ ಲಾಯರ್ ನಾನು, ಕ್ಲೈಂಟ್‌ಗಳಲ್ಲಿ ನಮ್ಮ ಕನ್ನಡದವರೇ ಜಾಸ್ತಿ, ಚುನಾವಣೆ ವರ್ಷ ಬಂತು ಅಂದ್ರೆ ಈ ಒಂದು ವಿಷಯಕ್ಕೆ ಫೋನ್ ಶುರು: ಸಿಟಿಜನ್ ಅಲ್ಲದವರು ಇಲ್ಲಿ ವೋಟರ್ ಪಟ್ಟಿಗೆ ಹೆಸರು ಸೇರಿಸ್ಕೊಂಡಿರೋದು.

ಒಬ್ರು ಮೇಷ್ಟ್ರು ಬಂದಿದ್ರು. ಗುರುತು ಸಿಗಬಾರ್ದು ಅಂತ ವಿವರ ಸ್ವಲ್ಪ ಬದಲಾಯಿಸಿದೀನಿ. ದಾವಣಗೆರೆ ಕಡೆಯವರು, ರಿಟೈರ್ ಆದ್ಮೇಲೆ ಮಗಳು ಗ್ರೀನ್ ಕಾರ್ಡ್ (ಇಲ್ಲಿ ಕಾಯಂ ಇರೋಕೆ ಪರವಾನಗಿ, ಸಿಟಿಜನ್‌ಶಿಪ್ ಅಲ್ಲ) ಮಾಡಿಸಿ ಕರ್ಕೊಂಡ್ ಬಂದಿದ್ಳು, ಐದು ವರ್ಷ ತುಂಬಿತ್ತು, ಸಿಟಿಜನ್‌ಶಿಪ್ಪಿಗೆ ಅರ್ಜಿ ಹಾಕ್ಬೇಕಿತ್ತು. ಫೈಲ್ ಅಂದ್ರೆ ಹಂಗಿರ್ಬೇಕು, ಹತ್ತು ವರ್ಷದ ಪ್ರಾಕ್ಟೀಸಲ್ಲಿ ಅಷ್ಟು ನೀಟಾದ ಫೈಲ್ ನಾನು ನೋಡಿಲ್ಲ. ಹಾಳೆ ತಿರುವ್ತಾ ಹೋದೆ, ಮಧ್ಯದಲ್ಲಿ ಲ್ಯಾಮಿನೇಟ್ ಮಾಡ್ಸಿಟ್ಟಿದ್ದ ಇಲಿನಾಯ್ ವೋಟರ್ ಕಾರ್ಡು. ನನ್ ಎದೆ ಧಸಕ್ ಅಂತು. "ಇದೇನ್ ಸಾರ್?" ಅಂದೆ. "ಡ್ರೈವಿಂಗ್ ಲೈಸೆನ್ಸ್ ಆಫೀಸಲ್ಲಿ ವೋಟಿಗೆ ರಿಜಿಸ್ಟರ್ ಆಗ್ತೀರಾ ಅಂತ ಕೇಳಿದ್ರು ಕಣಮ್ಮ, ಇದೂ ಒಂದು ಇರ್ಲಿ ಅಂತ ಮಾಡಿಸ್ಕೊಂಡೆ" ಅಂದ್ರು.

"ಇದೂ ಒಂದು ಇರ್ಲಿ." ಎಲ್ಲಾ ಗೊಂದಲ ಇದರೊಳಗೇ ಇದೆ ನೋಡಿ. ನಮ್ಮೂರಲ್ಲಿ ವೋಟರ್ ಐಡಿ ಅಂದ್ರೆ ಮೊದಲು ಐಡಿ, ಆಮೇಲೆ ವೋಟು. ಸಿಮ್ ತಗೊಳಕ್ಕೆ, ಗ್ಯಾಸ್ ಕನೆಕ್ಷನ್‌ಗೆ, ಬ್ಯಾಂಕ್ ಅಕೌಂಟ್‌ಗೆ ಅದೇ ತೋರ್ಸಿದವರು ನಾವು. ರೇಷನ್ ಕಾರ್ಡ್, ಪ್ಯಾನ್, ಆಧಾರ್ ಎಲ್ಲಾ ಒಂದು ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಲ್ಲಿ ಇಡೋ ಜನ, ಕಾರ್ಡ್ ಜಾಸ್ತಿ ಇದ್ದಷ್ಟೂ ಒಳ್ಳೇದು ಅನ್ನೋದು ರಕ್ತದಲ್ಲೇ ಇದೆ. ಇಲ್ಲಿ ಹಂಗಲ್ಲ. ಇಲ್ಲಿ ವೋಟಿಗೆ ರಿಜಿಸ್ಟರ್ ಆಗೋದು ಅಂದ್ರೆ "ನಾನು ಅಮೆರಿಕದ ಸಿಟಿಜನ್, ಸುಳ್ಳು ಹೇಳಿದ್ರೆ ಶಿಕ್ಷೆ ಕೊಡಿ" ಅಂತ ಬರ್ದು ಸೈನ್ ಹಾಕೋದು. ಕಾರ್ಡ್ ಆಮೇಲೆ ಪೋಸ್ಟಲ್ಲಿ ಬರುತ್ತೋ ಬಿಡುತ್ತೋ, ಕೆಲಸ ಕೆಟ್ಟಿರೋದು ಸೈನ್ ಹಾಕಿದ ಗಳಿಗೇಲಿ.

ಇನ್ನೊಂದ್ ಸಲ ಹೇಳ್ತೀನಿ, ಯಾಕಂದ್ರೆ ಎಷ್ಟ್ ಹೇಳಿದ್ರೂ ಎದುರಿಗೆ ಕೂತವರು "ಆದ್ರೆ ವೋಟ್ ಹಾಕಿಲ್ವಲ್ಲ" ಅಂತಾರೆ. ವೋಟ್ ಹಾಕೋದು ಬೇರೆ ತಪ್ಪು, ಫೆಡರಲ್ ಎಲೆಕ್ಷನ್‌ನಲ್ಲಿ ಹಾಕಿದ್ರೆ ಒಂದು ವರ್ಷದವರೆಗೆ ಜೈಲು ಆಗ್ಬಹುದು. ಸಿಟಿಜನ್ ಅಂತ ಸುಳ್ಳು ಹೇಳ್ಕೊಳ್ಳೋದು ಇನ್ನೊಂದು ತಪ್ಪು, ಅದಕ್ಕೆ ಬೂತ್ ಕಡೆ ತಲೆ ಹಾಕ್ಬೇಕಂತಿಲ್ಲ. 1996ರ ಇಮಿಗ್ರೇಷನ್ ಕಾನೂನು ಇದನ್ನ ಎಷ್ಟು ಬಿಗಿ ಮಾಡ್ತು ಅಂದ್ರೆ, ಎಷ್ಟೋ ಕ್ರಿಮಿನಲ್ ಕೇಸಿಗೆ ಮಾಫಿ ಅರ್ಜಿ ಹಾಕ್ಬಹುದು, ಇದಕ್ಕೆ ಗ್ರೀನ್ ಕಾರ್ಡ್ ಕೇಳೋ ಹಂತದಲ್ಲಿ ಬಹುತೇಕ ಮಾಫಿಯೇ ಇಲ್ಲ. ಒಂದು ಸಣ್ಣ ವಿನಾಯಿತಿ ಇದೆ, ಅಪ್ಪ ಅಮ್ಮ ಇಬ್ರೂ ಸಿಟಿಜನ್ ಆಗಿದ್ದು, ಹದಿನಾರಕ್ಕೆ ಮುಂಚೆಯಿಂದ ಇಲ್ಲೇ ಬೆಳ್ದು, ತಾನೂ ಸಿಟಿಜನ್ ಅಂತ ನಂಬಿದ್ದ ಮಕ್ಕಳಿಗೆ. ದಾವಣಗೆರೆ ಮೇಷ್ಟ್ರಿಗೆ ಅದು ಎಲ್ಲಿಂದ ಬರ್ಬೇಕು.

ಲೈಸೆನ್ಸ್ ಆಫೀಸಲ್ಲಿ ಯಾಕೆ ಕೇಳ್ತಾರೆ ಅಂದ್ರೆ 1993ರ ಮೋಟಾರ್ ವೋಟರ್ ಕಾನೂನು, ಅಂದ್ರೆ ಲೈಸೆನ್ಸ್ ಮಾಡಿಸೋವಾಗ್ಲೇ ವೋಟಿಗೂ ರಿಜಿಸ್ಟರ್ ಆಗೋ ಅವಕಾಶ, ಜನ ವೋಟಿಗೆ ಸುಲಭವಾಗಿ ಸೇರ್ಲಿ ಅಂತ ಕ್ಲಿಂಟನ್ ಸೈನ್ ಹಾಕಿದ್ದು. ಉದ್ದೇಶ ಒಳ್ಳೇದೇ, ನಾನೇನ್ ಬೈಯಲ್ಲ. ಕೌಂಟರಲ್ಲಿ ಕೂತವರು ಎಲ್ಲರಿಗೂ ಅದೇ ಪ್ರಶ್ನೆ ಕೇಳ್ತಾರೆ, ಎದುರಿಗಿರೋದು ಗ್ರೀನ್ ಕಾರ್ಡಾ ಏನು ಅಂತ ನೋಡಿ ತಡಿಯೋದು ಅವರ ಕೆಲಸ ಅಲ್ಲ. ನಮ್ಮವರು ಏನಂದ್ಕೋತಾರೆ, ಸರ್ಕಾರಿ ಆಫೀಸರ್ ಕೇಳಿದ್ಮೇಲೆ ನಾನು ಅರ್ಹ ಅಂತ ತಾನೇ ಅರ್ಥ? ಅಲ್ಲ. ಪೆರು ದೇಶದ ಒಬ್ಬ ಹೆಂಗಸು ಇದೇ ಇಲಿನಾಯ್‌ನಲ್ಲಿ ಗ್ರೀನ್ ಕಾರ್ಡೂ ಪೆರು ಪಾಸ್‌ಪೋರ್ಟೂ ತೋರ್ಸಿದ್ರು, ರಿಜಿಸ್ಟರ್ ಆಗ್ಲಾ ಅಂತ ಕೇಳಿದ್ದಕ್ಕೆ ಕೌಂಟರಿನವರು ನಿಮ್ಮಿಷ್ಟ ಅಂದ್ರು, ಇವರು ಸಿಟಿಜನ್ ಅನ್ನೋ ಬಾಕ್ಸ್ ಟಿಕ್ ಮಾಡಿದ್ರು, 2006ರಲ್ಲಿ ಎರಡು ಸಲ ವೋಟೂ ಹಾಕಿದ್ರು. ಸಿಕ್ಕಿಬಿದ್ದಿದ್ದು ಹೇಗೆ ಗೊತ್ತಾ? ಆಮೇಲೆ ಸಿಟಿಜನ್‌ಶಿಪ್ ಅರ್ಜೀಲಿ ಪ್ರಾಮಾಣಿಕವಾಗಿ ತಾವೇ ಹೇಳಿದ್ರು. ಆಫೀಸಿನವರೇ ಒಪ್ಪಿದ್ರು ಅನ್ನೋ ವಾದ 2017ರಲ್ಲಿ ಚಿಕಾಗೋ ಅಪೀಲ್ ಕೋರ್ಟಲ್ಲಿ ನಿಲ್ಲಲಿಲ್ಲ, ದೇಶ ಬಿಟ್ಟು ಹೋಗ್ಬೇಕಾಯ್ತು. ಹಾಗಂತ ಮುಚ್ಚಿಡಿ ಅಂತ ಯಾರಾದ್ರೂ ಓದ್ಕೊಂಡ್ರೆ ಅದು ಇನ್ನೂ ದೊಡ್ಡ ಹುಚ್ಚು. ಆ ಅರ್ಜೀಲಿ ನೇರವಾಗಿ ಕೇಳಿರ್ತಾರೆ, ಅಲ್ಲಿ ಸುಳ್ಳು ಬರೆದ್ರೆ ಒಂದಕ್ಕೆ ಎರಡು.

ಇನ್ನೊಂದು ವೆರೈಟಿ ಇದೆ, ಇವರು ಓದ್ಕೊಂಡಿರೋ ಹುಡುಗರು. ಸಿಟಿಜನ್‌ಶಿಪ್ ಇಂಟರ್‌ವ್ಯೂ ಪಾಸಾದ ಖುಷಿಗೆ ಪಾರ್ಕಿಂಗ್ ಲಾಟಲ್ಲೇ ಫೋನಲ್ಲಿ ರಿಜಿಸ್ಟರ್ ಆಗ್ಬಿಡ್ತಾರೆ. ಪಾಸಾದ್ರೆ ಆಗ್ಲಿಲ್ಲಪ್ಪ! ಓತ್ (ಪ್ರಮಾಣವಚನ) ತಗೊಂಡ್ಮೇಲೇ ಸಿಟಿಜನ್. ಮಧ್ಯೆ ವಾರಗಟ್ಟಲೆ ಆಗ್ಬಹುದು, ಆ ವಾರಗಳಲ್ಲಿ ನೀವಿನ್ನೂ ಗ್ರೀನ್ ಕಾರ್ಡೇ.

ಎಲ್ಲಾ ಕಡೆ ಒಂದೇ ರೂಲ್ ಅಂತಾನೂ ಅಲ್ಲ. ಮೇರಿಲ್ಯಾಂಡಿನ ಟಕೋಮಾ ಪಾರ್ಕಲ್ಲಿ ಊರಿನ ಚುನಾವಣೆಗೆ ಸಿಟಿಜನ್ ಅಲ್ಲದವರೂ ವೋಟ್ ಹಾಕ್ಬಹುದು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಕೂಲ್ ಬೋರ್ಡಿಗೆ ಮಕ್ಕಳ ತಂದೆ ತಾಯಿ ಹಾಕ್ಬಹುದು. ಇದು ಕೇಳಿ "ನಮ್ಮಲ್ಲೂ ಇರ್ಬಹುದು" ಅಂದ್ಕೊಂಡು ಹೊರಡ್ಬೇಡಿ ಮತ್ತೆ. ಎಲೆಕ್ಷನ್ ಗೀಳೇ ಇದ್ರೆ ಗ್ರೀನ್ ಕಾರ್ಡಿನವರು ಕ್ಯಾಂಪೇನಿಗೆ ದುಡ್ಡು ಕೊಡ್ಬಹುದು, ಎಚ್‌ಒನ್‌ಬಿ ಕೆಲಸದ ವೀಸಾದವರು ದುಡ್ಡು ಕೊಡೋ ಹಾಗಿಲ್ಲ, ಸಂಬಳ ಇಲ್ದೆ ಹೋಗಿ ಬಾಗಿಲು ತಟ್ಟಬಹುದು. ಜೂರಿ ಡ್ಯೂಟಿ (ಕೋರ್ಟ್ ಕೇಸಲ್ಲಿ ತೀರ್ಪು ಹೇಳೋ ಸಾಮಾನ್ಯ ಜನರ ಗುಂಪಿಗೆ ಕರೆ) ಕಾಗದ ಬಂದ್ರೆ ಕಸಕ್ಕೆ ಹಾಕ್ಬೇಡಿ, ಸಿಟಿಜನ್ ಅಲ್ಲ ಅಂತ ಟಿಕ್ ಮಾಡಿ ವಾಪಸ್ ಕಳ್ಸಿ, ಕಾಪಿ ಇಟ್ಕೊಳ್ಳಿ.

ಆಗ್ಲೇ ಟಿಕ್ ಮಾಡ್ಬಿಟ್ಟಿದ್ರೆ? ಇಲ್ಲಿ ಓದಿ ತೀರ್ಮಾನ ಮಾಡ್ಬೇಡಿ, ಒಬ್ಬೊಬ್ಬರ ಕೇಸು ಒಂದೊಂದು ಥರ. ಕೆಲವು ಸಲ ಬಾಕ್ಸ್ ಖಾಲಿ ಬಿಟ್ಟಿದ್ರೂ ಕಂಪ್ಯೂಟರ್ ಸೇರಿಸಿರುತ್ತೆ. 2024ರಲ್ಲಿ ಆರೆಗಾನ್‌ನಲ್ಲಿ ಸಾವಿರಕ್ಕೂ ಹೆಚ್ಚು ಜನರ ಹೆಸರು ಸಿಟಿಜನ್‌ಶಿಪ್ ದಾಖಲೆ ಇಲ್ದೇನೇ ಆಫೀಸಿನ ತಪ್ಪಿಂದ ಪಟ್ಟಿಗೆ ಹೋಗಿತ್ತು. ಹಾಗಿದ್ರೆ ಕಥೆ ಬೇರೆ. ಅದಕ್ಕೇ ಮೊದಲು ಆ ಅರ್ಜಿಯ ಕಾಪಿ ತರಿಸಿ, ನಿಮ್ ಕೈಯಲ್ಲಿ ಏನ್ ಸೈನ್ ಆಗಿದೆ ನೋಡಿ, ಹೆಸರು ತೆಗೆಸೋಕೆ ಓಡೋ ಮುಂಚೆ ಲಾಯರ್ ಹತ್ರ ಹೋಗಿ.

ಮೇಷ್ಟ್ರ ಕಾಪಿ ತರಿಸಿದ್ವಿ. ಬಾಕ್ಸಲ್ಲಿ ಟಿಕ್ ಇತ್ತು, ಕೆಳಗೆ ಮುತ್ತು ಪೋಣಿಸಿದಂಥ ಸೈನು. ಸುಮಾರು ಹೊತ್ತು ಅದನ್ನೇ ನೋಡಿದ್ರು. ಆಮೇಲೆ "ಹೋಗ್ಲಿ ಬಿಡಮ್ಮ, ದಾವಣಗೆರೆಗೆ ಹೋಗಿ ವೋಟ್ ಹಾಕ್ ಬರ್ತೀನಿ, ಅಲ್ಲಂತೂ ನಾನು ಸಿಟಿಜನ್ನೇ ಅಲ್ವಾ" ಅಂದ್ರು. ನಿಜಾನೇ, ಭಾರತದ ಪಾಸ್‌ಪೋರ್ಟ್ ಇರೋ ಅನಿವಾಸಿಗಳು ಫಾರ್ಮ್ 6ಎ ಹಾಕಿ ಮತದಾರರ ಪಟ್ಟಿಗೆ ಸೇರ್ಕೊಂಡು, ಖುದ್ದಾಗಿ ಬೂತಿಗೆ ಹೋದ್ರೆ ವೋಟ್ ಮಾಡ್ಬಹುದು. ಆದ್ರೆ ಈ ಕೇಸ್ ಒಂದು ದಾರಿಗೆ ಬರೋವರೆಗೂ ದೇಶ ಬಿಟ್ಟು ಹೋಗ್ಬೇಡಿ, ವಾಪಸ್ ಬರೋವಾಗ ಏರ್‌ಪೋರ್ಟಲ್ಲೇ ಪ್ರಶ್ನೆ ಏಳ್ಬಹುದು ಅಂತ ಅವತ್ತು ನಾನೇ ಹೇಳ್ಬೇಕಾಯ್ತು.