ಪಾಯಿಂಟ್ 22: ಮೆತ್ತಗೆ ಹುಟ್ಟಿ, ಜೋರಾಗಿ, ಮತ್ತೆ ಮೆತ್ತಗಾದ ತೋಟಾ

ಪಾಯಿಂಟ್ 22 ರೈಫಲ್‌ನ ತೋಟಾ ಡಬ್ಬಿಗಳ ಮೇಲಿನ ಹೆಸರು ಓದುತ್ತ ಹೋದರೆ ಹೊಸಬರಿಗೆ ತಲೆ ಗಿರ್ರೆನ್ನುತ್ತದೆ. ಸ್ಟ್ಯಾಂಡರ್ಡ್, ಮ್ಯಾಚ್, ಸಬ್‌ಸಾನಿಕ್, ಕ್ವಯೆಟ್, ಸಿಬಿ, ಕೊಲಿಬ್ರಿ, ಹೈ ವೆಲಾಸಿಟಿ. ಎಲ್ಲದರ ಗುಂಡೂ ಸುಮಾರು 5.6 ಮಿ.ಮೀ., ಅಂದರೆ 0.22 ಇಂಚು ದಪ್ಪ. ಆದರೆ ಒಂದು ಸೆಕೆಂಡಿಗೆ 128 ಮೀಟರ್ ಓಡಿದರೆ ಇನ್ನೊಂದು 500 ಮೀಟರ್ ಓಡುತ್ತದೆ. ಸದ್ದು ಕಡಿಮೆಯ ತೋಟಾ ಎಂದೊಡನೆ ಸಿನಿಮಾದ ಕೊಲೆಗಾರನನ್ನು ನೆನೆಯುವವರಿದ್ದಾರೆ, ಮಕ್ಕಳಾಟಿಕೆ ಎಂದು ತಳ್ಳಿಹಾಕುವವರೂ ಇದ್ದಾರೆ. ಇಬ್ಬರ ಲೆಕ್ಕವೂ ತಪ್ಪು.

ಈ ಜಾತಿಯ ತೋಟಾ ಹುಟ್ಟಿದ್ದೇ ಮನೆಯೊಳಗೆ. 1845ರಲ್ಲಿ ಪ್ಯಾರಿಸಿನ ಲೂಯಿ ನಿಕೋಲಾ ಫ್ಲೋಬೆರ್ ಎಂಬಾತ ಕೇಪಿನ (ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿ) ಬಾಯಿಗೆ ಪುಟ್ಟ ಸೀಸದ ಗುಂಡನ್ನು ಒತ್ತಿ ಕೂರಿಸಿದ. ಮಲೆನಾಡಿನಲ್ಲಿ ಕೇಪಿನ ಕೋವಿ ಕಂಡವರಿಗೆ ಇದು ಕೂಡಲೇ ಅರ್ಥವಾದೀತು: ಕೋವಿಯಲ್ಲಿ ಕೇಪು ಮದ್ದಿಗೆ ಕಿಡಿ ತಾಗಿಸುತ್ತದೆ, ಇಲ್ಲಿ ಮದ್ದೇ ಇಲ್ಲ, ಕೇಪೇ ಗುಂಡನ್ನು ನೂಕುತ್ತದೆ. ಹಜಾರದ ಗೋಡೆಗೆ ಗುರಿಹಲಗೆ ತೂಗುಹಾಕಿ ಹೊಡೆಯುವ ಶೋಕಿಗೆ ಅಷ್ಟು ಸಾಕಿತ್ತು. ಬವೇರಿಯ, ಆಸ್ಟ್ರಿಯಗಳಲ್ಲಿ ಇದೇ ರುಚಿ ಹತ್ತಿ, 15 ಮೀಟರ್ ದೂರಕ್ಕೆ ಹೊಡೆಯುವ ‘ಸಿಮ್ಮರ್‌ಷ್ಟುಟ್ಸೆನ್’ ಎಂಬ ಕೋಣೆಯೊಳಗಿನ ರೈಫಲ್ಲೇ ಬೆಳೆಯಿತು.

ಮುಂದಿನದು ಅಮೆರಿಕದ ಕಥೆ. 1857ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ತನ್ನ ಮೊದಲ ರಿವಾಲ್ವರ್‌ಗಾಗಿ ಕೇಪನ್ನು ಉದ್ದ ಮಾಡಿ, ಒಳಗೆ ಒಂದು ಚಿಟಿಕೆ ಕಪ್ಪು ಮದ್ದು ತುಂಬಿತು. ಅದು 22 ಶಾರ್ಟ್. 1887ರಲ್ಲಿ ಸ್ಟೀವನ್ಸ್ ಕಂಪನಿಯ 22 ಲಾಂಗ್ ರೈಫಲ್ ಬಂತು. ಇವತ್ತು ಪಾಯಿಂಟ್ 22 ಎಂದರೆ ಸಾಮಾನ್ಯವಾಗಿ ಅದೇ. ಸಿಡಿಯುವ ವಸ್ತು ತೋಟಾದ ತಳದ ಅಂಚಿನ ಪೊಳ್ಳಿನೊಳಗೆ ಸುತ್ತಲೂ ಇರುತ್ತದೆ. ಪಿನ್ನು ಆ ಅಂಚನ್ನು ಜಜ್ಜಿದರೆ ಬೆಂಕಿ. ಹಾಗೆ ಜಜ್ಜಲು ಬರಬೇಕಾದರೆ ತಗಡು ತೆಳ್ಳಗಿರಬೇಕು, ತೆಳ್ಳಗಿದ್ದರೆ ಹೆಚ್ಚು ಒತ್ತಡ ತಾಳುವುದಿಲ್ಲ. ಈ ತೋಟಾಕ್ಕೆ ಬಲದ ಮಿತಿ ಹುಟ್ಟಿನಲ್ಲೇ ಬಂದದ್ದು.

ಕಪ್ಪು ಮದ್ದು ಹೋಗಿ ಹೊಗೆಯಿಲ್ಲದ ಮದ್ದು ಬಂತು, ನಳಿಗೆಗೆ ತುಕ್ಕು ಹಿಡಿಸುತ್ತಿದ್ದ ಕೇಪಿನ ರಸಾಯನವೂ ಬದಲಾಯಿತು. 1930ರ ಆಸುಪಾಸಿನಲ್ಲಿ ಹೈ ವೆಲಾಸಿಟಿ ತೋಟಾಗಳು ಪೇಟೆಗೆ ಇಳಿದವು. 1970ರ ದಶಕದ ಸ್ಟಿಂಗರ್, 2.1 ಗ್ರಾಮಿನ ಹಗುರ ಗುಂಡನ್ನು ಸೆಕೆಂಡಿಗೆ 500 ಮೀಟರಿಗೆ ಒಯ್ದಿತು. ಡಬ್ಬಿಯ ಮೇಲಿನ ವೇಗದ ಅಂಕಿ ನೋಡಿ ಕೊಳ್ಳುವ ಅಭ್ಯಾಸ ಬೆಳೆದದ್ದು ಈ ಕಾಲದಲ್ಲೇ. ಕಾಗದದ ಮೇಲೆ ಬಿದ್ದ ತೂತುಗಳನ್ನು ಅಳೆದು ಕೊಂಡವರು ಮಾತ್ರ ಅತ್ತ ತಿರುಗಲಿಲ್ಲ.

ಅವರು ತಿರುಗದಿದ್ದುದಕ್ಕೆ ಕಾರಣವಿದೆ. 380 ಮೀಟರ್ ವೇಗದಲ್ಲಿ ಹೊರಟ ಗುಂಡು 50 ಮೀಟರ್ ಆಸುಪಾಸಿಗೆ ಬರುವಾಗ ಸದ್ದಿನ ವೇಗಕ್ಕೆ ಇಳಿದಿರುತ್ತದೆ. ಆ ಗಡಿಯಲ್ಲಿ ಗಾಳಿಯ ತಡೆ ವಿಪರೀತ, ಗುಂಡಿನ ನಡೆ ಹದಗೆಡುತ್ತದೆ. ವಿಚಿತ್ರವೆಂದರೆ, ಅಡ್ಡಗಾಳಿಗೆ ಹೆಚ್ಚು ವಾಲುವುದೂ ಈ ವೇಗದ ಗುಂಡೇ. ಬೇಗ ತಲುಪುವುದು ಬೇಗ ತಲುಪಿದರೂ ದಾರಿಯಲ್ಲಿ ಹೆಚ್ಚು ವೇಗ ಕಳೆದುಕೊಳ್ಳುತ್ತದೆ. ವಾಲುವುದು ಆ ಕಳೆದುಕೊಂಡ ಲೆಕ್ಕದಲ್ಲಿ. ಅದಕ್ಕೇ ಒಲಿಂಪಿಕ್ಸ್‌ನ 50 ಮೀಟರ್ ಸ್ಪರ್ಧೆಗಳಲ್ಲಿ ಹಾರುವುದು 2.6 ಗ್ರಾಮಿನ, ಸೆಕೆಂಡಿಗೆ 330 ಮೀಟರ್ ಆಸುಪಾಸಿನ ಸೀಸದ ಗುಂಡು. 2024ರ ಪ್ಯಾರಿಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ ಸ್ಪರ್ಧೆಯೂ, 2016ರ ರಿಯೊದಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ ಆಡಿದ 50 ಮೀಟರ್ ಪಿಸ್ತೂಲ್ ಸ್ಪರ್ಧೆಯೂ ಈ ತೋಟಾದ್ದೇ. ರೈಫಲ್ ಗುರಿಯ ಹತ್ತರ ವೃತ್ತ 10.4 ಮಿ.ಮೀ. ಮಾತ್ರ. ಈ ಮಟ್ಟದವರು ರೈಫಲ್ಲನ್ನು ಕ್ಲ್ಯಾಂಪಿಗೆ ಬಿಗಿದು, ಒಂದೊಂದು ಲಾಟಿನಿಂದ (ಒಟ್ಟಿಗೆ ತಯಾರಾದ ಕಂತು) ಹತ್ತು ಹತ್ತು ಗುಂಡು ಹಾರಿಸಿ, ತಮ್ಮ ನಳಿಗೆಗೆ ಒಗ್ಗುವ ಲಾಟನ್ನೇ ಆರಿಸಿ ಕೊಳ್ಳುತ್ತಾರೆ.

ಇನ್ನು ಸದ್ದಿನ ವಿಚಾರ. ಸದ್ದಿಗೆ ಮೂರು ಮೂಲ: ನಳಿಗೆಯ ಬಾಯಿಂದ ನುಗ್ಗುವ ಅನಿಲ, ಸದ್ದಿನ ವೇಗ ಮೀರಿದ ಗುಂಡು ದಾರಿಯುದ್ದಕ್ಕೂ ಹೊಡೆಸುವ ಚಟೀರ್, ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟು ಮತ್ತು ಪಿನ್ನುಗಳ ಟಕ್ಕು. ಎರಡನೆಯದು ಬೇಡವೆಂದರೆ ವೇಗ ಸದ್ದಿನ ವೇಗಕ್ಕಿಂತ ಕೆಳಗಿರಬೇಕು. ಆದರೆ ಆ ಗಡಿ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿ 20 ಡಿಗ್ರಿ ಇದ್ದಾಗ ಅದು 343 ಮೀಟರ್, ಪ್ರತಿ ಡಿಗ್ರಿಗೆ 0.6 ಮೀಟರ್ ಏರಿಳಿತ. ಬೆಂಗಳೂರಿನ 28 ಡಿಗ್ರಿ ಮಧ್ಯಾಹ್ನ ಚಟೀರೆನ್ನದ ಸ್ಟ್ಯಾಂಡರ್ಡ್ ತೋಟಾ, ಸೊನ್ನೆ ಡಿಗ್ರಿಯ ಮುಂಜಾನೆಯಲ್ಲಿ ನಡುನಡುವೆ ಚಟೀರೆನ್ನಬಹುದು. ಅಲ್ಲಿ ಗಡಿಯೇ 331ಕ್ಕೆ ಇಳಿದಿರುತ್ತದೆ. ತೋಟಾ ಕೆಟ್ಟಿದೆ ಎಂದು ಡಬ್ಬಿ ವಾಪಸು ಮಾಡುವವರು ಥರ್ಮಾಮೀಟರ್ ನೋಡಿರುವುದಿಲ್ಲ.

ಅನಿಲದ ಸದ್ದನ್ನೂ ತಗ್ಗಿಸಬೇಕೆಂದರೆ ಮದ್ದು ಕಡಿಮೆ ಮಾಡಬೇಕು, ನಳಿಗೆ ಉದ್ದವಿರಬೇಕು. ಉದ್ದ ನಳಿಗೆಯಲ್ಲಿ ಅನಿಲ ಒಳಗೇ ಹಿಗ್ಗಿ ತಣಿದು ಹೊರಬರುತ್ತದೆ. ಅದೇ ತೋಟಾ ಪಿಸ್ತೂಲಿನಲ್ಲಿ ಕಿವಿಗೆ ಹೊಡೆಯುತ್ತದೆ. ಸಿಬಿ ಲಾಂಗ್‌ನಲ್ಲಿ 1.9 ಗ್ರಾಮಿನ ಗುಂಡು, ಕ್ವಯೆಟ್‌ನಲ್ಲಿ 2.6 ಗ್ರಾಮಿನದು, ಎರಡರ ವೇಗವೂ ಸುಮಾರು 216 ಮೀಟರ್. ಮೆಕ್ಸಿಕೊದ ಅಗಿಲಾ ಕಂಪನಿಯ ಕೊಲಿಬ್ರಿ ಫ್ಲೋಬೆರ್‌ನ ಜಾಡಿಗೇ ಮರಳಿದೆ: ಮದ್ದಿಲ್ಲ, 1.3 ಗ್ರಾಂ, 128 ಮೀಟರ್. ಕೊಲಿಬ್ರಿ ಎಂದರೆ ಝೇಂಕಾರದ ಹಕ್ಕಿ, ಅಗಿಲಾ ಎಂದರೆ ಹದ್ದು. ಹೆಸರಿಟ್ಟವರಿಗೆ ತಮಾಷೆ ಗೊತ್ತಿತ್ತು. ಕೊಟ್ಟಿಗೆಯ ಹೆಗ್ಗಣ, ಒಳಾಂಗಣದ ಅಭ್ಯಾಸ, ಸದ್ದಿಗೆ ಬೆಚ್ಚಿ ಕಣ್ಣು ಮುಚ್ಚುವ ಕಲಿಕೆಯವರು: ಹೊರದೇಶಗಳವರಿಗೆ ಇವು ಬೇಕಾಗುವುದು ಇಂಥದ್ದಕ್ಕೆ.

ತೊಂದರೆ ಶುರುವಾಗುವುದು ಬಲ ತೀರಾ ಕಡಿಮೆಯಾದಾಗ. ಮದ್ದಿಲ್ಲದ ತೋಟಾವನ್ನು ಉದ್ದ ನಳಿಗೆಯಲ್ಲಿ ಹಾರಿಸಿದರೆ ಗುಂಡು ಉಜ್ಜಿ ಉಜ್ಜಿ ಒಳಗೇ ನಿಂತುಬಿಡಬಹುದು. ಕೊಲಿಬ್ರಿ ರೈಫಲ್ಲಿಗಲ್ಲ ಎಂದು ತಯಾರಕರೇ ಹೇಳುವುದು ಅದಕ್ಕೆ. ಸದ್ದು ಬೇರೆ ಥರ ಕೇಳಿದರೆ, ಗುರಿಯಲ್ಲಿ ತೂತು ಕಾಣದಿದ್ದರೆ, ಕೈ ತಡೆಯಬೇಕು: ನಳಿಗೆ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾಯಿರಿ, ಬೋಲ್ಟು ಕಳಚಿ, ಒಳಗೆ ತೋಟಾ ಇಲ್ಲವೆಂದು ಖಚಿತಪಡಿಸಿಕೊಂಡು ನಳಿಗೆಯಲ್ಲಿ ಕಡ್ಡಿ ತೂರಿಸಿ ನೋಡಿ. ನಿಂತ ಗುಂಡಿನ ಹಿಂದೆ ಇನ್ನೊಂದು ಹಾರಿದರೆ ನಳಿಗೆ ಉಬ್ಬುತ್ತದೆ, ಮತ್ತೆ ಸರಿಹೋಗುವುದಿಲ್ಲ.

ಎರಡನೆಯದು, ತಾನಾಗಿ ತುಂಬಿಕೊಳ್ಳುವ ರೈಫಲ್ಲುಗಳು. ಅವುಗಳ ಬೋಲ್ಟನ್ನು ಹಿಂದಕ್ಕೆ ನೂಕುವುದು ತೋಟಾದ ಒದೆತವೇ. ಮೆತ್ತನೆಯ ತೋಟಾಕ್ಕೆ ಅಷ್ಟು ಒದೆಯುವ ಶಕ್ತಿಯಿಲ್ಲ. ಖಾಲಿ ಚಿಪ್ಪು ಅರ್ಧ ಹೊರಬಂದು ಸಿಕ್ಕಿಕೊಳ್ಳುತ್ತದೆ. ಕೈಯಿಂದ ಬೋಲ್ಟು ಎಳೆಯುವ ರೈಫಲ್ಲಿಗೆ ಈ ರಗಳೆಯಿಲ್ಲ. ಮೂರನೆಯದು, ಲಾಂಗ್ ರೈಫಲ್ ಗೂಡಿನಲ್ಲಿ (ನಳಿಗೆಯಲ್ಲಿ ತೋಟಾ ಕೂರುವ ಜಾಗ) ಶಾರ್ಟ್ ತೋಟಾ ಹಾರಿಸುವುದು. ಚಿಪ್ಪು ಐದು ಮಿಲಿಮೀಟರಿನಷ್ಟು ಗಿಡ್ಡ, ಅದರ ಮುಂದೆ ಮಸಿ-ಸೀಸದ ಉಂಗುರ ಕಟ್ಟುತ್ತದೆ. ಆಮೇಲೆ ಉದ್ದ ತೋಟಾ ಹಾಕಿದರೆ ಕಚ್ಚಿಕೊಳ್ಳುತ್ತದೆ. ಕಂಚಿನ ಬ್ರಷ್ಷಿನಿಂದ ಗೂಡು ಉಜ್ಜಿದರೆ ಸರಿ. ಸಿಬಿಯನ್ನು ಲಾಂಗ್ ಚಿಪ್ಪಿನಲ್ಲಿ ಕೊಡುವುದರ ಲಾಭವೂ ಇದೇ. ಸ್ಟ್ಯಾಂಡರ್ಡ್‌ಗೆ ಗುರಿ ಕೂಡಿಸಿದ ರೈಫಲ್ಲಿನಲ್ಲಿ ಕ್ವಯೆಟ್ ಹಾಕಿದರೆ 50 ಮೀಟರಿನಲ್ಲಿ ಗುಂಡು ಸುಮಾರು 15 ಸೆಂಟಿಮೀಟರ್ ಕೆಳಗೆ ಬೀಳುತ್ತದೆ ಎಂಬುದೂ ನೆನಪಿರಲಿ. ನಿಧಾನದ ಸೀಸದ ಗುಂಡು ಕಲ್ಲು, ನೀರಿನ ಮೇಲಿಂದ ಸುಲಭವಾಗಿ ಚಿಮ್ಮುತ್ತದೆ.

ನಮ್ಮಲ್ಲಿ ಹೆಚ್ಚಿನವರಿಗೆ ಪಾಯಿಂಟ್ 22 ಪರಿಚಯವಾಗುವುದು ಎನ್‌ಸಿಸಿಯ ಡಿಲಕ್ಸ್ ರೈಫಲ್ಲಿನಿಂದ. ಕೆಡೆಟ್‌ಗಳ ನೋಟ್ಸ್‌ನಲ್ಲಿ ಅದರ ಗುಂಡಿನ ವೇಗ ಸೆಕೆಂಡಿಗೆ 2700 ಅಡಿ ಎಂದು ನಕಲಾಗುತ್ತಲೇ ಬಂದಿದೆ. ಅದು 7.62 ಮಿ.ಮೀ. ಗುಂಡಿನ ಯುದ್ಧದ ರೈಫಲ್ಲಿನ ವೇಗ. ಸೀಸದ ಈ ಗುಂಡಿನದು ಅದರ ಅರ್ಧವೂ ಇಲ್ಲ. ಕೊಡಗಿನ ತೆಂಗಿನಕಾಯಿ ಗುರಿ ಸ್ಪರ್ಧೆಗಳಲ್ಲಿ 12 ಬೋರ್ ಕೋವಿಯ ಜೊತೆ ಪಾಯಿಂಟ್ 22 ವಿಭಾಗವೂ ಇರುವುದುಂಟು. ಮೊಲ, ಕಾಡುಕೋಳಿಯ ಬೇಟೆಯ ಮಾತು 1972ರ ವನ್ಯಜೀವಿ ಕಾಯ್ದೆ, ಅದರ 1991ರ ತಿದ್ದುಪಡಿಯೊಂದಿಗೆ ಮುಗಿಯಿತು.

ಕಾನೂನಿನ ಅಳತೆಗೋಲು ಮಾತ್ರ ಬೇರೆಯೇ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ ಏರ್‌ಗನ್ನಿಗೆ ಪರವಾನಗಿಯ ಗೆರೆ 20 ಜೌಲ್ (ಜೌಲ್ ಎಂದರೆ ಶಕ್ತಿಯ ಅಳತೆ). ಕೊಲಿಬ್ರಿಯ ಶಕ್ತಿ ಸುಮಾರು 11 ಜೌಲ್, ಸಿಬಿ ಲಾಂಗ್‌ನದು 44, ಸ್ಟ್ಯಾಂಡರ್ಡ್‌ನದು 138. ಹನ್ನೊಂದು ಜೌಲಿನ ತೋಟಾಕ್ಕೂ 138ರದ್ದಕ್ಕೂ ಇಲ್ಲಿ ಒಂದೇ ಪರವಾನಗಿ, ಏಕೆಂದರೆ ಲೆಕ್ಕಕ್ಕೆ ಬರುವುದು ಬಂದೂಕು. ಹಾರಿದ ಗುಂಡಿಗೆ ಕಣ್ಣು ಹೋಗಲು 11 ಜೌಲ್ ಧಾರಾಳ ಸಾಕಾದ್ದರಿಂದ ಈ ಗೆರೆಯನ್ನು ಪೂರ್ತಿ ಅಸಂಬದ್ಧ ಎನ್ನಲೂ ಬರುವುದಿಲ್ಲ.

ಈಗಿನ ತಕರಾರು ಸೀಸದ್ದು. ಐರೋಪ್ಯ ಒಕ್ಕೂಟದಲ್ಲಿ 2023ರಿಂದ ಜೌಗು ನೆಲದಲ್ಲಿ ಸೀಸದ ಚರೆ ನಿಷಿದ್ಧ; ಗುಂಡುಗಳಿಗೂ ಅದನ್ನು ವಿಸ್ತರಿಸುವ ಮಾತು ನಡೆದಿದೆ. ತಾಮ್ರ, ಸತು ಎರಡೂ ಸೀಸಕ್ಕಿಂತ ಹಗುರ. ಅದೇ ತೂಕ ಬೇಕೆಂದರೆ ಗುಂಡು ಉದ್ದವಾಗಬೇಕು. ಉದ್ದ ಗುಂಡನ್ನು, ಒಳಗಿನ ಸುರುಳಿ ಗೆರೆಗಳಿಂದ 16 ಇಂಚಿಗೆ ಒಂದು ಸುತ್ತು ತಿರುಗಿಸುವ ಈಗಿನ ನಳಿಗೆಗಳು ನೆಟ್ಟಗೆ ಹಾರಿಸಲಾರವು. ಅಗಿಲಾದ 3.9 ಗ್ರಾಮಿನ ಉದ್ದನೆಯ ಸಬ್‌ಸಾನಿಕ್ ಗುಂಡು ಇಂಥ ನಳಿಗೆಯಿಂದ ಅಡ್ಡಡ್ಡ ಹೋಗಿ ಕಾಗದದಲ್ಲಿ ಬೀಗದ ಕೈ ತೂತಿನಂಥ ಗುರುತು ಬಿಡುವುದನ್ನು ಹಲವು ರೇಂಜುಗಳಲ್ಲಿ ನೋಡಿದ್ದಾಗಿದೆ. ಹಗುರ ಗುಂಡನ್ನೇ ಇಟ್ಟುಕೊಂಡರೆ, ಅದಕ್ಕೆ ಬಲ ತುಂಬಲು ವೇಗ ಏರಿಸಬೇಕು, ಚಟೀರ್ ಸದ್ದು ಮರಳುತ್ತದೆ.