ಆರು ತಿಂಗಳ ಗಡುವಿಲ್ಲದ ಮನೆ

ಅಮೆರಿಕದ ರಾಜಧಾನಿ ವಾಷಿಂಗ್ಟನ್‌ಗೆ ಅಂಟಿಕೊಂಡಂತಿರುವ ಸಿಲ್ವರ್ ಸ್ಪ್ರಿಂಗ್ ಮೇರಿಲ್ಯಾಂಡ್ ರಾಜ್ಯದ ಊರು. 1975ರಲ್ಲಿ ಅಲ್ಲಿ ಕುಡಿತ ಬಿಟ್ಟ ಗಂಡಸರಿಗಾಗಿ ಮಾಂಟ್‌ಗಮರಿ ಕೌಂಟಿಯ ಆಡಳಿತ ಒಂದು ಮನೆ ನಡೆಸುತ್ತಿತ್ತು. ಆಸ್ಪತ್ರೆಯಿಂದ ಹೊರಬಿದ್ದವನು ನೇರ ಬೀದಿಗೆ ಬೀಳದಿರಲಿ ಎಂಬುದು ಅದರ ಉದ್ದೇಶ. ಸಂಬಳ ಪಡೆಯುವ ಮೇಲ್ವಿಚಾರಕರಿದ್ದರು, ನಿಯಮಗಳಿದ್ದವು. ಅವುಗಳಲ್ಲಿ ಒಂದು ನಿಯಮ ಎಲ್ಲರ ತಲೆಯ ಮೇಲೆ ತೂಗುತ್ತಿತ್ತು: ಆರು ತಿಂಗಳಾದ ಮೇಲೆ ಜಾಗ ಖಾಲಿ ಮಾಡಬೇಕು. ಅವಧಿ ಮುಗಿದು ಹೋದವರಲ್ಲಿ ಹಲವರು ಮತ್ತೆ ಬಾಟಲಿ ಹಿಡಿಯುವುದನ್ನು ಒಳಗಿದ್ದವರು ನೋಡುತ್ತಲೇ ಇದ್ದರು. ತಮ್ಮ ಸರದಿ ಎಂದು ಬರುತ್ತದೆ ಎಂಬ ಲೆಕ್ಕವೂ ಅವರಿಗೆ ಗೊತ್ತಿತ್ತು.

ಆ ವರ್ಷ ಕೌಂಟಿ ಹಣ ಉಳಿಸಲು ಮನೆಯನ್ನೇ ಮುಚ್ಚುವುದಾಗಿ ಹೇಳಿತು. ಒಳಗಿದ್ದ ಹದಿಮೂರು ಮಂದಿಯಲ್ಲಿ ಪಾಲ್ ಮೊಲಾಯ್ ಒಬ್ಬರು. ಅಮೆರಿಕದ ಸೆನೆಟ್ ಸಮಿತಿಯೊಂದರ ವಕೀಲರಾಗಿದ್ದ ಅವರು ಕುಡಿತದಿಂದ ಎಲ್ಲವನ್ನೂ ಕಳೆದುಕೊಂಡು ಅಲ್ಲಿಗೆ ಬಂದು ಸೇರಿದ್ದರು. ಇವರೆಲ್ಲ ಕುಳಿತು ಖರ್ಚಿನ ಲೆಕ್ಕ ತೆಗೆದಾಗ ಬಾಡಿಗೆ, ದಿನಸಿ, ವಿದ್ಯುತ್ ಬಿಲ್ಲು ಅಂಥ ಭಾರವೇನಲ್ಲ, ದೊಡ್ಡ ಮೊತ್ತ ಹೋಗುತ್ತಿರುವುದು ಮೇಲ್ವಿಚಾರಕರ ಸಂಬಳಕ್ಕೆ ಎಂದು ಕಂಡಿತು. ಮೇಲ್ವಿಚಾರಣೆಯನ್ನು ನಾವೇ ಮಾಡಿಕೊಂಡರೆ ಹೇಗೆ? ಈ ಪ್ರಶ್ನೆಯಿಂದ ಹುಟ್ಟಿದ್ದೇ ‘ಆಕ್ಸ್‌ಫರ್ಡ್ ಹೌಸ್’. ಮೊದಲ ಬಾಡಿಗೆಗಾಗಿ ಎ.ಎ. ಬಳಗದ ಹಳೆಯ ಸದಸ್ಯರೊಬ್ಬರು 750 ಡಾಲರ್ ಸಾಲ ಕೊಟ್ಟರು. ಮನೆ ಅದೇ, ಜನ ಅವರೇ. ಬಾಡಿಗೆದಾರ ಮಾತ್ರ ಬದಲಾಗಿದ್ದ.

ಎ.ಎ. ಎಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡುಕನನ್ನು ಎತ್ತಿ ನಿಲ್ಲಿಸಬಲ್ಲವನು ಕುಡಿತ ಬಿಟ್ಟ ಇನ್ನೊಬ್ಬ ಎಂದು ನಂಬಿ 1935ರಲ್ಲಿ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಶುರುವಾದ ಬಳಗ ಅದು. ಅದರ ಸ್ಥಾಪಕರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಮತ್ತು ಅವರ ಪತ್ನಿ ನ್ಯೂಯಾರ್ಕ್‌ನ ತಮ್ಮ ಮನೆಯಲ್ಲೇ ಕುಡುಕರನ್ನು ಇರಿಸಿಕೊಂಡು ನೋಡಿಕೊಂಡರು. ಆಕ್ರನ್‌ನಲ್ಲಿ ಇನ್ನೊಬ್ಬ ಸ್ಥಾಪಕ ಡಾ. ಬಾಬ್ ಅವರ ಮನೆಯೂ ಹಾಗೆಯೇ ತೆರೆದಿತ್ತು. ಅಂದರೆ ಸೂರು ಮತ್ತು ಜೊತೆ ಎರಡೂ ಈ ಚಳವಳಿಯ ಬೇರಿನಲ್ಲೇ ಇದ್ದವು. ಎ.ಎ. ಸ್ಥಾಪಕರ ಮೇಲೆ ಪ್ರಭಾವ ಬೀರಿದ ‘ಆಕ್ಸ್‌ಫರ್ಡ್ ಗ್ರೂಪ್’ ಎಂಬ ಕ್ರೈಸ್ತ ಬಳಗದ ನೆನಪಿಗೆ ಈ ಮನೆಗೆ ಆ ಹೆಸರು ಬಂತು. ವಿಶ್ವವಿದ್ಯಾಲಯಕ್ಕೂ ಇದಕ್ಕೂ ನೇರ ನಂಟಿಲ್ಲ.

ನಡುವೆ ಬಂದದ್ದು ಸರ್ಕಾರದ ಹಣ. ತಾವೇ ಕುಡಿತದಿಂದ ಹೊರಬಂದಿದ್ದ ಐಯೊವಾ ರಾಜ್ಯದ ಸೆನೆಟರ್ ಹೆರಾಲ್ಡ್ ಹ್ಯೂಸ್ ಅವರ ಶ್ರಮದಿಂದ 1970ರಲ್ಲಿ ಒಂದು ಕಾನೂನು ಬಂತು. ಕುಡಿತವನ್ನು ಕಾಯಿಲೆ ಎಂದು ಕಂಡು ಚಿಕಿತ್ಸೆಗೆ ಒಕ್ಕೂಟ ಸರ್ಕಾರದ ದುಡ್ಡು ಹರಿಯತೊಡಗಿತು. ಅದು ಬಹಳ ದೊಡ್ಡ ಹೆಜ್ಜೆ, ಸಂಶಯವಿಲ್ಲ. ಆದರೆ ಸರ್ಕಾರಿ ಹಾಸಿಗೆಗೆ ಹಿಂದೆ ಯಾವಾಗಲೂ ಒಂದು ಸಾಲು ನಿಂತಿರುತ್ತದೆ. ಆ ಸಾಲು ಮುಂದಕ್ಕೆ ಸರಿಯಬೇಕಾದರೆ ಇದ್ದವನು ಏಳಬೇಕು. ಆರು ತಿಂಗಳ ಗಡುವು ಹುಟ್ಟುವುದು ಹೀಗೆ. ಒಬ್ಬ ಮನುಷ್ಯ ಕಾಲೂರಲು ಬೇಕಾದ ಕಾಲವನ್ನು ಯಾರೂ ಅಳೆದು ಅದನ್ನು ನಿಗದಿ ಮಾಡಿರಲಿಲ್ಲ.

ನಮ್ಮ ಕಡೆ ಮದ್ಯವರ್ಜನ ಶಿಬಿರ ಮುಗಿಸಿದವನು ಸಾಮಾನ್ಯವಾಗಿ ತನ್ನ ಮನೆಗೇ ಮರಳುತ್ತಾನೆ. ಅಲ್ಲಿ ಹೆಂಡತಿ ಕಾಯುತ್ತಿರುತ್ತಾಳೆ, ಅದೇ ಓಣಿಯ ಅಂಗಡಿಯೂ ಕಾಯುತ್ತಿರುತ್ತದೆ. ಮೊಲಾಯ್ ಮತ್ತು ಅವರ ಜೊತೆಗಾರರಿಗೆ ಮರಳಲು ಮನೆಯೇ ಇರಲಿಲ್ಲ. ಹಾಗಾಗಿ ಅವರು ಕಟ್ಟಿಕೊಂಡ ನಿಯಮಗಳು ಚಿಕಿತ್ಸಾಲಯದ ನಿಯಮಗಳಂತಿಲ್ಲ, ಸಂಸಾರ ಹೂಡಿದವರ ನಿಯಮಗಳಂತಿವೆ.

ಮನೆಯನ್ನು ಅಲ್ಲಿರುವವರೇ ಮತ ಹಾಕಿ ನಡೆಸಬೇಕು. ಖರ್ಚನ್ನು ಸಮಪಾಲು ಮಾಡಿ ಅವರೇ ಭರಿಸಬೇಕು. ಕುಡಿದವನು, ಮಾದಕ ವಸ್ತು ಮುಟ್ಟಿದವನು ಕೂಡಲೇ ಹೊರಹೋಗಬೇಕು. ತಿರುಳು ಇಷ್ಟೇ. ಮನೆಗೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಇರುತ್ತಾರೆ. ಕಸ ಗುಡಿಸುವ, ಪಾತ್ರೆ ತೊಳೆಯುವ ಸರದಿ ಹಂಚಲು ಒಬ್ಬರು ಇರುತ್ತಾರೆ. ವಾರಕ್ಕೊಮ್ಮೆ ಸಭೆ. ಯಾವ ಹುದ್ದೆಯಲ್ಲೂ ಒಬ್ಬರೇ ಆರು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿಯುವಂತಿಲ್ಲ. ಹಳೆಯ ಮನೆಯಲ್ಲಿ ಮನುಷ್ಯನಿಗೆ ಹಾಕಿದ್ದ ಗಡುವನ್ನು ಇಲ್ಲಿ ಅಧಿಕಾರಕ್ಕೆ ಹಾಕಿದರು. ಬಾಡಿಗೆ ಕೊಡುತ್ತ, ಕುಡಿಯದೆ ಇರುವವರೆಗೆ ವಾಸಕ್ಕೆ ಕಾಲಮಿತಿಯೇ ಇಲ್ಲ.

ನನಗೆ ಇದರಲ್ಲಿ ಅತ್ಯಂತ ಹಿಡಿಸಿದ್ದು ಖಜಾಂಚಿಯ ಹುದ್ದೆ. ಮನೆಯವರ ದುಡ್ಡು ಕದ್ದು ಕುಡಿದವನ ಕೈಗೆ ಇಡೀ ಮನೆಯ ಚೆಕ್ ಪುಸ್ತಕ ಬರುತ್ತದೆ. ಬಾಡಿಗೆ ತಪ್ಪಿದರೆ ಎಲ್ಲರೂ ಬೀದಿಗೆ ಬರುತ್ತಾರೆಂಬುದು ಅವನಿಗೆ ಗೊತ್ತು. ವಾರದ ಸಭೆಯಲ್ಲಿ ಪೈಸೆ ಪೈಸೆಯ ಲೆಕ್ಕ ಒಪ್ಪಿಸಬೇಕೆಂಬುದೂ ಗೊತ್ತು. ಅವನನ್ನು ನಂಬಿದವರು ಅವನ ಹಾಗೆಯೇ ನಂಬಿಕೆ ಕಳೆದುಕೊಂಡವರು. ಯಾವ ಆಪ್ತ ಸಮಾಲೋಚಕನ ಉಪದೇಶವೂ ಈ ಕೆಲಸ ಮಾಡಲಾರದು ಎಂದು ನನಗನಿಸುತ್ತದೆ.

ಹೊರಹಾಕುವ ನಿಯಮ ನಿಷ್ಠುರವಾದದ್ದು. ಜಾರಿದ ಗಳಿಗೆಯಲ್ಲೇ ಮನುಷ್ಯನಿಗೆ ಆಸರೆ ಹೆಚ್ಚು ಬೇಕು, ಆಗಲೇ ಬಾಗಿಲು ಮುಚ್ಚುತ್ತದೆ. ಮನೆಯಲ್ಲಿ ಒಬ್ಬ ಕುಡಿಯತೊಡಗಿದರೆ ಉಳಿದವರ ಗತಿಯೇನು ಎಂಬ ಅವರ ಉತ್ತರವನ್ನು ತಳ್ಳಿಹಾಕುವುದೂ ಕಷ್ಟ. ಈ ಮಾದರಿಯನ್ನು ಮೆಚ್ಚುವವರು ಈ ನೋವನ್ನು ಮರೆಮಾಚಬಾರದು.

ಮೊದಲ ಮನೆಯವರು ಉಳಿತಾಯ ಮಾಡಿ ಎರಡನೆಯದನ್ನು ತೆರೆದರು. ಹದಿಮೂರು ವರ್ಷಗಳಾದರೂ ಮನೆಗಳು ವಾಷಿಂಗ್ಟನ್ ಸುತ್ತಮುತ್ತ ಬೆರಳೆಣಿಕೆಯಷ್ಟೇ ಇದ್ದವು. ತಿರುವು ಬಂದದ್ದು 1988ರಲ್ಲಿ. ಆ ವರ್ಷದ ಮಾದಕ ವಸ್ತು ವಿರೋಧಿ ಕಾಯ್ದೆ ಪ್ರತಿ ರಾಜ್ಯವೂ ಒಂದು ಲಕ್ಷ ಡಾಲರ್‌ಗಳ ಸುತ್ತುನಿಧಿ ಇಡಬೇಕೆಂದಿತು. ಚಟ ಬಿಟ್ಟ ಕನಿಷ್ಠ ಆರು ಜನ ಕೂಡಿದರೆ ಮನೆ ಹಿಡಿಯಲು ಅದರಿಂದ 4,000 ಡಾಲರ್‌ವರೆಗೆ ಸಾಲ; ಎರಡು ವರ್ಷಗಳಲ್ಲಿ ತೀರಿಸಬೇಕು. ನಮ್ಮ ಸ್ವಸಹಾಯ ಸಂಘಗಳನ್ನು ಬಲ್ಲವರಿಗೆ ಇದರ ಜಾಣ್ಮೆ ತಕ್ಷಣ ತಿಳಿಯುತ್ತದೆ. ದಾನ ಖರ್ಚಾಗಿ ಹೋಗುತ್ತದೆ. ತೀರಿಸಿದ ಸಾಲ ಮುಂದಿನ ಮನೆಯ ಮುಂಗಡವಾಗುತ್ತದೆ. ಸಿಲ್ವರ್ ಸ್ಪ್ರಿಂಗ್‌ನಲ್ಲಿ ಹುಟ್ಟಿದ ಆ ಮೂರು ನಿಯಮಗಳೂ ಸಾಲದ ಷರತ್ತುಗಳಾಗಿ ದೇಶದ ಕಾನೂನಿನೊಳಗೆ ಸೇರಿಕೊಂಡವು.

ಮನೆಗಳು ಹೆಚ್ಚಿದಂತೆ ನೆರೆಹೊರೆಯವರ ತಕರಾರೂ ಹೆಚ್ಚಿತು. 1990ರಲ್ಲಿ ವಾಷಿಂಗ್ಟನ್ ರಾಜ್ಯದ ಎಡ್ಮಂಡ್ಸ್ ನಗರದಲ್ಲಿ ಒಂದು ಮನೆ ತೆರೆಯಿತು. ಹತ್ತು ಹನ್ನೆರಡು ಜನರ ವಾಸ. ಆ ಬಡಾವಣೆ ‘ಒಂದೇ ಕುಟುಂಬದ’ ಮನೆಗಳಿಗೆ ಮೀಸಲು. ನಗರದ ನಿಯಮದ ಪ್ರಕಾರ ರಕ್ತಸಂಬಂಧ, ಮದುವೆ ಅಥವಾ ದತ್ತಿನಿಂದ ಕೂಡಿದವರು ಎಷ್ಟೇ ಜನರಿದ್ದರೂ ಕುಟುಂಬ. ಸಂಬಂಧವಿಲ್ಲದವರಾದರೆ ಐವರಿಗಿಂತ ಹೆಚ್ಚಿರಬಾರದು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1988ರಲ್ಲೇ ತಿದ್ದುಪಡಿಯಾಗಿದ್ದ ವಸತಿ ನ್ಯಾಯದ ಕಾಯ್ದೆ ಅಂಗವಿಕಲರಿಗೆ ಕೊಟ್ಟ ರಕ್ಷಣೆ ಚಟದಿಂದ ಹೊರಬಂದವರಿಗೂ ಸಲ್ಲುತ್ತಿತ್ತು. ಇಕ್ಕಟ್ಟು ತಡೆಯಲು ನಿವಾಸಿಗಳ ಸಂಖ್ಯೆಗೆ ಮಿತಿ ಹಾಕುವ ನಿಯಮಗಳಿಗೆ ಮಾತ್ರ ಆ ಕಾಯ್ದೆಯಲ್ಲಿ ವಿನಾಯಿತಿ ಇತ್ತು, ನಗರ ಅದನ್ನೇ ಹಿಡಿದುಕೊಂಡಿತ್ತು. ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದ 1995ರ ಮೇ 15ರ ತೀರ್ಪು ಆ ವಾದವನ್ನು 6–3ರ ಬಹುಮತದಿಂದ ತಳ್ಳಿಹಾಕಿತು. ಬಂಧುಗಳಾದರೆ ಎಷ್ಟು ಜನ ಬೇಕಾದರೂ ಇರಬಹುದು ಎನ್ನುವ ನಿಯಮ ಜನರನ್ನು ಎಣಿಸುತ್ತಿಲ್ಲ, ಕುಟುಂಬ ಯಾರು ಎಂದು ತೀರ್ಮಾನಿಸುತ್ತಿದೆ. ಹಾಗಾಗಿ ವಿನಾಯಿತಿ ಅದಕ್ಕಿಲ್ಲ ಎಂಬುದು ತೀರ್ಪಿನ ಸಾರ. ತೀರ್ಪು ಬಿಡಿಸಿದ್ದು ಕಾನೂನಿನ ಒಂದು ಸಣ್ಣ ಗಂಟನ್ನು. ಆದರೂ ಊರೂರಿನ ಇಂಥ ಮನೆಗಳಿಗೆ ಅದು ದೊಡ್ಡ ಬಲವಾಯಿತು.

ಇದು ನಿಜಕ್ಕೂ ಫಲ ಕೊಡುತ್ತದೆಯೇ? ಷಿಕಾಗೊದ ಡಿಪಾಲ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಜೇಸನ್ ಮತ್ತು ಸಂಗಡಿಗರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದನ್ನು ಈ ಮನೆಗಳಿಗೂ ಇನ್ನೊಂದನ್ನು ಎಂದಿನ ಹೊರರೋಗಿ ಆರೈಕೆಗೂ ಕಳಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಎರಡು ವರ್ಷಗಳ ಬಳಿಕ ಎರಡನೆಯ ಗುಂಪಿನ ಶೇ 64.8ರಷ್ಟು ಜನ ಚಟಕ್ಕೆ ಮರಳಿದ್ದರು; ಮನೆಗಳಿಗೆ ಹೋದವರಲ್ಲಿ ಶೇ 31.3. ತಿಂಗಳ ಗಳಿಕೆ 440 ಡಾಲರ್ ಒಂದು ಕಡೆ, 989 ಡಾಲರ್ ಇನ್ನೊಂದು ಕಡೆ. ಸಂಬಳದ ಸಿಬ್ಬಂದಿ ಒಬ್ಬರೂ ಇಲ್ಲದ ಬಾಡಿಗೆ ಮನೆಗಳ ಸಾಧನೆ ಇದು.

ಇದೇ ಬಗೆಯ ಮನೆ ದುಡ್ಡಿನವರ ಕೈಗೆ ಸಿಕ್ಕಾಗ ಏನಾಯಿತು ಎಂಬುದನ್ನೂ ಹೇಳಬೇಕು. ವ್ಯಸನ ಚಿಕಿತ್ಸೆಗೆ ವಿಮೆಯ ಹಣ ಧಾರಾಳವಾಗಿ ಸಿಗತೊಡಗಿದ ಮೇಲೆ ಫ್ಲೋರಿಡಾದಲ್ಲಿ ದಲ್ಲಾಳಿಗಳು ಹುಟ್ಟಿಕೊಂಡರು. ಬಾಡಿಗೆ ಬೇಡ, ನಾವು ಹೇಳಿದ ಚಿಕಿತ್ಸಾಕೇಂದ್ರಕ್ಕೆ ಹೋದರೆ ಸಾಕು ಎಂದು ಕರೆತಂದು, ಮೂತ್ರ ಪರೀಕ್ಷೆಯ ಮೇಲೆ ಮೂತ್ರ ಪರೀಕ್ಷೆ ಮಾಡಿಸಿ ವಿಮಾ ಕಂಪನಿಗಳಿಗೆ ಬಿಲ್ಲು ಹಾಕಿದರು. ಅಂಥ ಮನೆಯ ಮಾಲೀಕನಿಗೆ ನಿವಾಸಿ ಮತ್ತೆ ಚಟಕ್ಕೆ ಬಿದ್ದರೆ ನಷ್ಟವಿಲ್ಲ, ಮತ್ತೊಂದು ಸುತ್ತು ಬಿಲ್ಲು. ಪಾಮ್ ಬೀಚ್ ಕೌಂಟಿಯಲ್ಲಿ 2016ರಲ್ಲಿ ಇದಕ್ಕೆಂದೇ ಕಾರ್ಯಪಡೆ ರಚಿಸಬೇಕಾಯಿತು. 2023ರಲ್ಲಿ ಅರಿಜೋನಾದಲ್ಲಿ ಹೊರಬಿದ್ದದ್ದು ಇನ್ನೂ ಘೋರ: ನವಾಹೊ ಮುಂತಾದ ಮೂಲನಿವಾಸಿಗಳನ್ನು ಅವರ ನೆಲದಿಂದ ವಾಹನಗಳಲ್ಲಿ ತುಂಬಿ ತಂದು, ಅವರ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಯೋಜನೆಯ ಹಣ ದೋಚಿದ್ದರು. ಸರ್ಕಾರ ಹಣ ನಿಲ್ಲಿಸಿದಾಗ ಎಷ್ಟೋ ಜನ ಫೀನಿಕ್ಸ್‌ನ ಬೀದಿಗಳಲ್ಲಿ ದಿಕ್ಕಿಲ್ಲದೆ ನಿಂತರು. ಚೆಕ್ ಪುಸ್ತಕ ಯಾರ ಕೈಯಲ್ಲಿತ್ತು ಎಂದು ಕೇಳಿದರೆ ಎರಡು ಬಗೆಯ ಮನೆಗಳ ನಡುವಿನ ಅಂತರ ಗೊತ್ತಾಗುತ್ತದೆ.

ಇನ್ನೊಂದು ಜಗಳ ಇಂದಿಗೂ ಆರಿಲ್ಲ. ಅಫೀಮಿನ ಜಾತಿಯ ಮಾದಕಗಳಿಂದ ಹೊರಬರಲು ವೈದ್ಯರು ಮೆಥಡೋನ್, ಬ್ಯುಪ್ರೆನಾರ್ಫಿನ್ ಕೊಡುತ್ತಾರೆ. ಇವನ್ನು ಸೇವಿಸುವವರನ್ನು ‘ಇನ್ನೂ ಬಿಟ್ಟಿಲ್ಲ’ ಎಂದು ಹಲವು ಮನೆಗಳು ಹೊರಗಿಟ್ಟವು. ವೈದ್ಯರ ಚೀಟಿಯ ಪ್ರಕಾರ ಔಷಧಿ ತೆಗೆದುಕೊಳ್ಳುವವರಿಗೆ ಅಂಗವಿಕಲರ ಹಕ್ಕಿನ ಕಾಯ್ದೆಯ ರಕ್ಷಣೆಯಿದೆ ಎಂದು ಅಮೆರಿಕದ ನ್ಯಾಯಾಂಗ ಇಲಾಖೆ 2022ರ ಏಪ್ರಿಲ್‌ನಲ್ಲಿ ಸ್ಪಷ್ಟಪಡಿಸಿತು. ಜೀವ ಉಳಿಸುವ ಔಷಧಿಯನ್ನು ಮತ ಹಾಕಿ ತಿರಸ್ಕರಿಸುವ ಹಕ್ಕು ಯಾವ ಮನೆಗೂ ಇರಬಾರದೆಂದೇ ನನ್ನ ನಿಲುವು.

ಪಾಲ್ ಮೊಲಾಯ್ 2022ರ ಜೂನ್‌ನಲ್ಲಿ ತೀರಿಕೊಂಡಾಗ ಆಕ್ಸ್‌ಫರ್ಡ್ ಹೌಸ್‌ಗಳ ಸಂಖ್ಯೆ ಮೂರು ಸಾವಿರ ದಾಟಿತ್ತು. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಮಕ್ಕಳೊಂದಿಗೆ ಬರುವ ತಾಯಂದಿರಿಗೂ ಬೇರೆ ಮನೆಗಳಿವೆ. ಎಲ್ಲಿ ಹಾಸಿಗೆ ಖಾಲಿಯಿದೆ ಎಂಬ ಪಟ್ಟಿ ಈಗ ಅಂತರ್ಜಾಲದಲ್ಲೇ ಸಿಗುತ್ತದೆ. ಚಿಕಿತ್ಸೆಯ ಕೊನೆಯ ದಿನ ಎಣಿಸುತ್ತಿರುವವನು ಅದನ್ನು ನೋಡಿ ಫೋನ್ ಮಾಡುತ್ತಾನೆ. ಮನೆಯವರು ಕರೆಸಿ ಮಾತನಾಡಿಸುತ್ತಾರೆ, ಬಳಿಕ ಮತ ಹಾಕುತ್ತಾರೆ. ಹತ್ತು ಜನರ ಮನೆಯಾದರೆ ಎಂಟು ಜನ ಒಪ್ಪಬೇಕು. ಒಪ್ಪಿದರೆ, ಮುಂದಿನ ಅರ್ಜಿದಾರ ಬಂದ ದಿನ ಅವನಿಗೂ ಒಂದು ಮತವಿರುತ್ತದೆ.